ದೂರದ ಬೆಟ್ಟ ಕಾಣಬೇಕಲ್ಲ? ಒರೆಗಾನ್ ಟ್ರೇಲ್‌ನ ಬಂಡೆಗಳೂ ವಿದ್ಯುತ್ ಟವರ್‌ಗಳೂ

2020ರ ಜೂನ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿರುವ ಫೆಡರಲ್ ಕೋರ್ಟ್ ನೆಬ್ರಾಸ್ಕಾ ರಾಜ್ಯದ ಒಂದು ವಿದ್ಯುತ್ ಲೈನಿಗೆ ಸಿಕ್ಕಿದ್ದ ಪರ್ಮಿಟ್ ರದ್ದು ಮಾಡಿತು. ಸುಮಾರು 360 ಕಿ.ಮೀ. ಉದ್ದದ ಲೈನು ಅದು. ಆ ಪರ್ಮಿಟ್ ಬೇಕಾಗಿದ್ದು ಒಂದು ಜೀರುಂಡೆಯ ದೆಸೆಯಿಂದ. ಸತ್ತ ಹಕ್ಕಿ, ಇಲಿಗಳನ್ನು ಮಣ್ಣಲ್ಲಿ ಹೂತಿಟ್ಟು ಮರಿಗಳಿಗೆ ಉಣಿಸುವ ಅಪರೂಪದ ಹುಳ ಅದು. ಲೈನು ಹಾಕುವಾಗ ಅದಕ್ಕೆ ಆಗುವ ಹಾನಿಗೆ ಮೊದಲೇ ಒಪ್ಪಿಗೆ ಪಡೆಯಬೇಕಿತ್ತು. ಕೋರ್ಟು ಎತ್ತಿ ತೋರಿಸಿದ ಲೋಪಗಳಲ್ಲಿ ಮಾತ್ರ ಇನ್ನೊಂದು ವಿಷಯವೂ ಇತ್ತು. ಓಫ್ಯಾಲನ್ಸ್ ಬ್ಲಫ್ ಎಂಬ ಜಾಗದಲ್ಲಿ, ವಲಸೆಗಾರರು ಪಶ್ಚಿಮಕ್ಕೆ ಹೋದ ಒರೆಗಾನ್ ಟ್ರೇಲ್ ಎಂಬ ಹಳೆಯ ದಾರಿಯ, ಒಂದೂವರೆ ಶತಮಾನದ ಹಿಂದಿನ ಎತ್ತಿನ ಗಾಡಿಗಳ ಜಾಡು ಹಾಗೇ ಉಳಿದುಕೊಂಡಿದೆ. ಅದಕ್ಕೆ ಏನಾಗುತ್ತದೆ ಅಂತ ಪರ್ಮಿಟ್ ಕೊಟ್ಟ ಇಲಾಖೆ ಸರಿಯಾಗಿ ಲೆಕ್ಕ ಹಾಕಿರಲಿಲ್ಲ.

ಯೋಜನೆಯೇನೂ ಅಲ್ಲಿಗೆ ಸಾಯಲಿಲ್ಲ. ಮತ್ತೆ ಪರಿಶೀಲನೆ, ಮತ್ತೆ ಕಾಗದಪತ್ರ ಅಂತ ಮುಂದುವರಿಯಿತು. ಆದರೆ ಗಾಡಿ ಜಾಡಿನ ಸಲುವಾಗಿ ಹೈವೋಲ್ಟೇಜ್ ಲೈನು ನಿಂತಿತು ಅಂದಾಗ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಹಳೆಯ ದಾರಿಯೊಂದನ್ನು ಉಳಿಸುತ್ತೇವೆ ಅಂದರೆ ಏನನ್ನು ಉಳಿಸುತ್ತೇವೆ? ಮಣ್ಣಿನ ಗೆರೆಯನ್ನೋ, ದಾರಿ ಪಕ್ಕದ ಬಂಡೆಯನ್ನೋ, ಅಲ್ಲಿ ನಿಂತರೆ ಕಾಣುವ ಬಯಲನ್ನೋ? ಒರೆಗಾನ್ ಟ್ರೇಲ್ ವಿಷಯದಲ್ಲಿ ಬಂಡೆಗಳು ಹೆಚ್ಚುಕಡಿಮೆ ಭದ್ರವಾಗಿವೆ. ಅವು ಕಾಣುವ ಬಯಲಿಗೆ ಅಷ್ಟು ಭದ್ರತೆ ಇಲ್ಲ. ತಮಾಷೆ ಏನೆಂದರೆ, ಆ ಬಂಡೆಗಳಿಗೆ ಬೆಲೆ ಬಂದದ್ದೇ ದೂರದಿಂದ ಕಂಡದ್ದಕ್ಕೆ.

ಹಾದಿಯ ಪರಿಚಯ ಬೇಗ ಮುಗಿಸುತ್ತೇನೆ. ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಊರಿನಿಂದ ಪಶ್ಚಿಮದ ಒರೆಗಾನ್‌ವರೆಗೆ ಸುಮಾರು 3,490 ಕಿ.ಮೀ. 1843ರಲ್ಲಿ ಸುಮಾರು ಸಾವಿರ ಜನ ಒಟ್ಟಿಗೆ ಹೊರಟರು. ಅಲ್ಲಿಂದ 1869ರಲ್ಲಿ ರೈಲು ಬರುವ ತನಕ ಒರೆಗಾನ್, ಕ್ಯಾಲಿಫೋರ್ನಿಯಾ, ಯೂಟಾ ಕಡೆಗೆ ಈ ದಾರಿಗಳಲ್ಲಿ ಹೋದವರು ಮೂರರಿಂದ ನಾಲ್ಕು ಲಕ್ಷ ಅನ್ನುವುದು ಸಾಮಾನ್ಯ ಅಂದಾಜು. ಬಟ್ಟೆ ಹೊದಿಸಿದ ಕಮಾನು ಗಾಡಿಗಳಲ್ಲಿ ಹೋದರು ಅಂತ ಹೇಳುತ್ತಾರೆ. ನಿಜವಾಗಿ ಗಾಡಿಯಲ್ಲಿ ಹೋದದ್ದು ಹಿಟ್ಟು, ಬೇಕನ್, ಪಾತ್ರೆಪಗಡ. ಜನ ನಡೆದರು. ದಿನಕ್ಕೆ 24 ಕಿ.ಮೀ. ಸಾಗಿದರೆ ಚೆನ್ನಾಗಿ ಸಾಗಿದ ಹಾಗೆ.

ನದಿ ಇರುವಾಗ ಗುರುತು ಯಾಕೆ?

ಈ ದಾರಿಯ ಬಂಡೆಗಳ ಬಗ್ಗೆ ಎಲ್ಲರೂ ಹೇಳುವ ಮಾತೊಂದಿದೆ: ಅವು ಪ್ರಯಾಣಿಕರಿಗೆ ದಿಕ್ಕು ತೋರಿಸಿದವು ಅಂತ. ಇದು ಅರ್ಧ ಸತ್ಯ. ಮೊದಲ ಎರಡು ತಿಂಗಳು ದಿಕ್ಕು ತಪ್ಪುವ ಪ್ರಶ್ನೆಯೇ ಇರಲಿಲ್ಲ. ಶುರುವಿನ ಕೆಲವು ವಾರ ಬಿಟ್ಟರೆ ಪ್ಲಾಟ್ ನದಿ ಪಕ್ಕದಲ್ಲೇ ಹರಿಯುತ್ತಿತ್ತು. ಅದರ ದಂಡೆ ಹಿಡಿದು ಪಶ್ಚಿಮಕ್ಕೆ ನಡೆದರೆ ಆಯಿತು. ಮುಂದೆಯೂ ಗಾಡಿಗಳು, ಹಿಂದೆಯೂ ಗಾಡಿಗಳು. ಬೇಸಿಗೆಯಲ್ಲಿ ಧೂಳು ನೋಡಿಕೊಂಡೇ ದಾರಿ ಹಿಡಿಯಬಹುದಿತ್ತು.

ಹಾಗಿದ್ದರೆ ಚಿಮ್ನಿ ರಾಕ್ ಯಾಕೆ ಅಷ್ಟು ಮುಖ್ಯವಾಯಿತು? ನೆಬ್ರಾಸ್ಕಾದ ಪಶ್ಚಿಮ ಅಂಚಿನಲ್ಲಿ ಬೇಯಾರ್ಡ್ ಊರಿನ ಹತ್ತಿರ ನಿಂತಿರುವ ಬಂಡೆ ಅದು. ಬುಡ ಅಗಲವಾದ ದಿಬ್ಬ, ಮೇಲೆ ಹೊಗೆಗೂಡಿನ ಹಾಗೆ ಸಪೂರ ಕಂಬ. ಸುತ್ತಲ ನೆಲದಿಂದ 286 ಅಡಿ ಎತ್ತರ. ಪ್ರಯಾಣಿಕರ ಡೈರಿಗಳನ್ನು ನೂರಾರು ಲೆಕ್ಕದಲ್ಲಿ ಓದಿದ ಇತಿಹಾಸಕಾರ ಮೆರಿಲ್ ಮ್ಯಾಟಿಸ್, ಎಲ್ಲಕ್ಕಿಂತ ಜಾಸ್ತಿ ಜನ ಬರೆದದ್ದು ಈ ಬಂಡೆಯ ಬಗ್ಗೆಯೇ ಅಂತ ಕಂಡುಕೊಂಡ. ದಿಕ್ಕಿಗೆ ಅದು ಬೇಕಿರಲಿಲ್ಲ. ಬೇಕಿದ್ದದ್ದು ಲೆಕ್ಕಕ್ಕೆ.

ಯೋಚಿಸಿ. ಆರೇಳು ವಾರಗಳಿಂದ ನೀವು ನಡೆಯುತ್ತಿದ್ದೀರಿ. ನಿನ್ನೆ ಕಂಡದ್ದು ಹುಲ್ಲು, ಇವತ್ತು ಕಾಣುವುದೂ ಹುಲ್ಲು. ಮರ ಇಲ್ಲ, ಊರು ಇಲ್ಲ. ಮುಂದೆ ಹೋಗುತ್ತಿದ್ದೇವೆ ಅನ್ನುವುದಕ್ಕೆ ಕಾಲುನೋವು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಆಗ ಒಂದು ಮಧ್ಯಾಹ್ನ ಬಾನಂಚಿನಲ್ಲಿ ಸೂಜಿಯ ಹಾಗೆ ಏನೋ ಕಾಣುತ್ತದೆ. ಸುಮಾರು 50 ಕಿ.ಮೀ. ದೂರದಿಂದಲೇ ಕಾಣುತ್ತಿತ್ತು. ಅಂದರೆ ಎರಡು ದಿನದ ನಡಿಗೆ. ಎರಡು ದಿನವೂ ಅದು ದೊಡ್ಡದಾಗುತ್ತಾ ಬರುತ್ತದೆ. ಬಯಲು ಮುಗಿಯಿತು, ಇನ್ನು ಏರು ಶುರು ಅಂತ ಹೇಳಿದ್ದು ಆ ಬಂಡೆ. ಇನ್ನೂ ಮುಂದೆ ಫೋರ್ಟ್ ಲಾರಮಿ ಎಂಬ ಕೋಟೆ ತಲುಪಿದರೆ ದಾರಿಯ ಮೂರನೇ ಒಂದು ಭಾಗ ಮುಗಿದ ಲೆಕ್ಕ.

ಲೆಕ್ಕದ ಮಾತು ಬಂದದ್ದಕ್ಕೆ ವಿಲಿಯಂ ಕ್ಲೇಟನ್ ಕಥೆ ಹೇಳಲೇಬೇಕು. 1847ರಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಗಡದವರು ಇದೇ ನದಿಯ ಉತ್ತರ ದಂಡೆಯಲ್ಲಿ ಯೂಟಾ ಕಡೆಗೆ ಹೊರಟಾಗ, ದಿನಕ್ಕೆ ಎಷ್ಟು ದೂರ ಸಾಗಿದೆವು ಅನ್ನುವ ವಿಷಯದಲ್ಲಿ ತಲೆಗೊಂದು ಮಾತು. ಆ ತಂಡದಲ್ಲಿದ್ದ ಕ್ಲೇಟನ್‌ಗೆ ಇದು ಸರಿಬರಲಿಲ್ಲ. ಗಾಡಿಯ ಒಂದು ಚಕ್ರದ ಸುತ್ತಳತೆ ತೆಗೆದ. 360 ಸುತ್ತು ಉರುಳಿದರೆ ಸರಿಯಾಗಿ ಒಂದು ಮೈಲಿ. ಚಕ್ರಕ್ಕೆ ಬಟ್ಟೆ ಚೂರು ಕಟ್ಟಿ, ಪಕ್ಕದಲ್ಲಿ ನಡೆಯುತ್ತಾ ಸುತ್ತು ಎಣಿಸಿದ. ಇಡೀ ದಿನ! ಕೊನೆಗೆ ಅವನ ಕಾಟ ತಾಳಲಾರದೆಯೋ ಏನೋ, ಜೊತೆಗಿದ್ದವರು ಮರದ ಹಲ್ಲುಚಕ್ರ ಸೇರಿಸಿ ತಾನಾಗಿ ಎಣಿಸುವ ಯಂತ್ರ ಮಾಡಿಕೊಟ್ಟರು. 1848ರಲ್ಲಿ ಅವನು ಒಂದು ದೂರದ ಪಟ್ಟಿ ಅಚ್ಚು ಹಾಕಿಸಿದ. ಈ ಬಂಡೆಯಿಂದ ಆ ತೊರೆಗೆ ಇಷ್ಟು ಮೈಲಿ, ಅಲ್ಲಿಂದ ಮುಂದಿನ ನೀರಿಗೆ ಇಷ್ಟು. ಬಂಡೆಗಳು ಮೈಲಿಗಲ್ಲುಗಳಾದದ್ದು ಹೀಗೆ. ಅವು ಮೊದಲೇ ಅಲ್ಲಿದ್ದವು, ನಂಬರು ಆಮೇಲೆ ಬಂತು.

ನುಣ್ಣಗಿನ ಬೆಟ್ಟದ ಮೋಸ

ಚಿಮ್ನಿ ರಾಕ್‌ಗಿಂತ ಸ್ವಲ್ಪ ಮೊದಲು, ಇವತ್ತಿನ ಬ್ರಿಜ್‌ಪೋರ್ಟ್ ಊರಿನ ದಕ್ಷಿಣಕ್ಕೆ, ಕೋರ್ಟ್‌ಹೌಸ್ ರಾಕ್ ಎಂಬ ಭಾರಿ ದಿಬ್ಬವಿದೆ. ಪಕ್ಕದ ಪುಟಾಣಿ ದಿಬ್ಬದ ಹೆಸರು ಜೈಲ್ ರಾಕ್. ಕೋರ್ಟಿನ ಪಕ್ಕ ಜೈಲು ಬೇಕಲ್ಲ! ಗಾಡಿ ದಾರಿಯಿಂದ ನೋಡಿದರೆ ಇಲ್ಲೇ ಇದೆ ಅನ್ನಿಸುತ್ತಿತ್ತು. ಸಂಜೆ ಬಿಡಾರ ಹೂಡಿದ ಮೇಲೆ ಹುಡುಗರು ‘ಹೋಗಿ ಬಂದುಬಿಡೋಣ’ ಅಂತ ಹೊರಡುತ್ತಿದ್ದರು. ಒಂದು ಗಂಟೆ ನಡೆದರೂ ಬಂಡೆ ಅಷ್ಟೇ ದೂರ. ಎರಡು ಗಂಟೆ ನಡೆದರೂ ಅಷ್ಟೇ. ಕತ್ತಲಾದ ಮೇಲೆ ಕಾಲೆಳೆದುಕೊಂಡು ವಾಪಸ್ ಬಂದ ಕಥೆಗಳು ಡೈರಿಗಳಲ್ಲಿ ಬೇಕಾದಷ್ಟಿವೆ. ಅಲ್ಲಿನ ಗಾಳಿ ಒಣ, ತೇವ ಕಮ್ಮಿ. ದೂರದ ವಸ್ತು ಮಸುಕಾಗುವುದಿಲ್ಲ. ನಡುವೆ ಮರ ಮನೆ ಇಲ್ಲದ್ದರಿಂದ ಅಳತೆಗೆ ಹಿಡಿಯಲು ಏನೂ ಸಿಗುವುದಿಲ್ಲ. ಪೂರ್ವದ ತೇವದ ಹವೆಯಲ್ಲಿ ಬೆಳೆದ ಕಣ್ಣುಗಳು ಅಲ್ಲಿ ಮೋಸಹೋದವು. ದೂರದ ಬೆಟ್ಟ ನುಣ್ಣಗೆ ಅನ್ನುವ ನಮ್ಮ ಗಾದೆಗೆ ಅಲ್ಲಿ ‘ಹತ್ತಿರ’ ಅಂತಲೂ ಸೇರಿಸಬೇಕು.

ಇದು ನಗುವ ವಿಷಯ. ಇದೇ ಮೋಸ ಪ್ರಾಣಕ್ಕೆ ಬಂದದ್ದೂ ಇದೆ. 1846ರಲ್ಲಿ ಡಾನರ್ ತಂಡ ಎಂದು ಆಮೇಲೆ ಹೆಸರಾದ ಗುಂಪು ಯೂಟಾದ ಉಪ್ಪಿನ ಬಯಲಿನಲ್ಲಿ ಅಡ್ಡದಾರಿ ಹಿಡಿಯಿತು. ಎದುರಿಗೆ ಪೈಲಟ್ ಪೀಕ್ ಎಂಬ ಶಿಖರ ಕಾಣುತ್ತಿತ್ತು, ಅದರ ಬುಡದಲ್ಲಿ ಸಿಹಿನೀರಿನ ಒರತೆ. ಇಲ್ಲಿ ನದಿ ಇಲ್ಲ, ಸವೆದ ದಾರಿ ಇಲ್ಲ. ನಿಜಕ್ಕೂ ದಿಕ್ಕು ತೋರಿಸಿದ ಗುರುತು ಇದು. ಆದರೆ ಶಿಖರ ದಿಕ್ಕು ಹೇಳುತ್ತದೆ, ದೂರ ಹೇಳುವುದಿಲ್ಲ. ಅವರಿಗೆ ಹೇಳಿದ್ದು ಸುಮಾರು 40 ಮೈಲಿ. ಇದ್ದದ್ದು ಹತ್ತಿರ ಹತ್ತಿರ ಅದರ ಎರಡು ಪಟ್ಟು. ನೀರಿಲ್ಲದೆ ಎತ್ತುಗಳು ಚೆಲ್ಲಾಪಿಲ್ಲಿಯಾದವು, ಗಾಡಿಗಳು ಅಲ್ಲೇ ಉಳಿದವು. ಅಲ್ಲಿ ಕಳೆದುಹೋದ ದಿನಗಳು ಕೊನೆಗೆ ಸಿಯೆರಾ ನೆವಾಡಾ ಬೆಟ್ಟಸಾಲಿನ ಹಿಮದಲ್ಲಿ ಲೆಕ್ಕ ಕೇಳಿದವು. 87 ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಆ ಚಳಿಗಾಲ ದಾಟಲಿಲ್ಲ. ಬೇ ಏರಿಯಾದಿಂದ ಸಾಲ್ಟ್ ಲೇಕ್ ಸಿಟಿಗೆ ಇಂಟರ್‌ಸ್ಟೇಟ್ 80ರಲ್ಲಿ ಕಾರು ಓಡಿಸಿದ ಕನ್ನಡಿಗರು ಕಮ್ಮಿಯೇನಿಲ್ಲ. ವೆಂಡೋವರ್ ಹತ್ತಿರ ಉತ್ತರಕ್ಕೆ ಒಂಟಿಯಾಗಿ ಕಾಣುವ ಆ ಬೆಟ್ಟವೇ ಪೈಲಟ್ ಪೀಕ್. ಎಸಿ ಹಾಕಿಕೊಂಡು ಒಂದು ಗಂಟೆಯಲ್ಲಿ ದಾಟುವ ಬಿಳಿ ಬಯಲು ಅದು.

ಬಂಡೆಯೇ ಕ್ಯಾಲೆಂಡರ್

ವಯೋಮಿಂಗ್ ರಾಜ್ಯದ ಇಂಡಿಪೆಂಡೆನ್ಸ್ ರಾಕ್ ಎತ್ತರದಲ್ಲಿ ದೊಡ್ಡದಲ್ಲ, ಸುಮಾರು 130 ಅಡಿ. ಆದರೆ 1,900 ಅಡಿ ಉದ್ದ, 850 ಅಡಿ ಅಗಲ. ದೂರದಿಂದ ನೋಡಿದರೆ ಆಮೆ ಮಲಗಿದ ಹಾಗೆ. ಗಟ್ಟಿ ಗ್ರಾನೈಟ್. ಜುಲೈ 4ರ ಹೊತ್ತಿಗೆ ಇಲ್ಲಿ ಮುಟ್ಟಿದರೆ ಹಿಮ ಬೀಳುವ ಮೊದಲು ಒರೆಗಾನ್ ಸೇರಬಹುದು ಅನ್ನುವುದು ಆ ದಾರಿಯ ಲೆಕ್ಕಾಚಾರ. ವಸಂತದಲ್ಲಿ ಎತ್ತುಗಳಿಗೆ ಹುಲ್ಲು ಚಿಗುರುವ ತನಕ ಹೊರಡುವಂತಿಲ್ಲ, ಶರತ್ಕಾಲ ಮುಗಿಯುವ ಮೊದಲು ಬೆಟ್ಟ ದಾಟದಿದ್ದರೆ ಉಳಿಯುವಂತಿಲ್ಲ. ಈ ಎರಡರ ನಡುವೆ ಬಂಡೆ ಒಂದು ತಾರೀಖು.

1856ರಲ್ಲಿ ಕೈಗಾಡಿ ಎಳೆದುಕೊಂಡು ಹೊರಟ ಒಂದು ಮಾರ್ಮನ್ ತಂಡ ಈ ಸುತ್ತಮುತ್ತ ತಲುಪುವಾಗ ಅಕ್ಟೋಬರ್ ಮುಗಿಯುತ್ತಾ ಬಂದಿತ್ತು. ಹಿಮ ಶುರುವಾಗಿತ್ತು. 500ಕ್ಕೂ ಹೆಚ್ಚು ಜನರಿದ್ದ ಆ ತಂಡದಲ್ಲಿ 100ಕ್ಕೂ ಹೆಚ್ಚು ಜನ ಸತ್ತರು. ಬಂಡೆ ಅದೇ, ದಾರಿ ಅದೇ. ತಾರೀಖು ಮಾತ್ರ ತಪ್ಪಿತ್ತು.

ಇಂಡಿಪೆಂಡೆನ್ಸ್ ರಾಕ್‌ಗೆ ಇನ್ನೊಂದು ಕೆಲಸ ಇತ್ತು. ಜನ ಅದರ ಮೇಲೆ ಹೆಸರು ಬರೆದರು. ಉಳಿ ಇದ್ದವರು ಕೆತ್ತಿದರು. ಇಲ್ಲದವರು ಗಾಡಿಯ ಕೀಲೆಣ್ಣೆಯಲ್ಲೋ ಡಾಂಬರಿನಲ್ಲೋ ಬರೆದರು. ಕೂಲಿ ತೆಗೆದುಕೊಂಡು ಕೆತ್ತಿಕೊಡುವವರೂ ಹುಟ್ಟಿಕೊಂಡರು! 1840ರ ಸುಮಾರಿಗೆ ಬಂದ ಪಾದ್ರಿ ಪಿಯರ್ ಜಾನ್ ಡಿ ಸ್ಮೆಟ್ ಇದನ್ನು ಮರುಭೂಮಿಯ ದೊಡ್ಡ ರಿಜಿಸ್ಟರ್ ಅಂತ ಕರೆದ. ಆ ಹೆಸರು ಸುಮ್ನೆ ಬಂದದ್ದಲ್ಲ. ಮುಂದೆ ಹೋದ ಅಣ್ಣ ಬದುಕಿದ್ದಾನೋ ಇಲ್ಲವೋ ಅಂತ ಹಿಂದೆ ಬರುವ ತಂಗಿ ಬಂಡೆ ಓದಿ ತಿಳಿದುಕೊಳ್ಳುವ ಕಾಲ ಅದು. ಬಂಡೆ ಇಲ್ಲದ ಕಡೆ ಬಯಲಲ್ಲಿ ಬಿದ್ದಿದ್ದ ಬೈಸನ್ ತಲೆಬುರುಡೆಯ ಮೇಲೆ ಬರೆದು ದಾರಿ ಪಕ್ಕ ಇಟ್ಟು ಹೋಗುತ್ತಿದ್ದರು.

ಇವತ್ತು ಅದೇ ಬಂಡೆಗೆ ಹೆಸರು ಕೆತ್ತಿದರೆ ಅಪರಾಧ. ಅಮೆರಿಕದ 1979ರ ಒಂದು ಕಾನೂನು ಫೆಡರಲ್ ಜಮೀನಿನಲ್ಲಿ 100 ವರ್ಷ ದಾಟಿದ ಮನುಷ್ಯರ ಗುರುತುಗಳಿಗೆ ಪುರಾತತ್ವದ ರಕ್ಷಣೆ ಕೊಡುತ್ತದೆ. ರಾಜ್ಯದ ಜಾಗಗಳಿಗೆ ಅವರವರ ನಿಯಮ. 1850ರಲ್ಲಿ ಗೀಚಿದವನು ಇತಿಹಾಸ, ಮೊನ್ನೆ ಗೀಚಿದವನು ಪುಂಡ. ಇದರಲ್ಲಿ ಸ್ವಲ್ಪ ಇಬ್ಬಂದಿ ಇದೆ ಅನ್ನುವುದನ್ನು ಒಪ್ಪಿಕೊಳ್ಳೋಣ. ಆದರೂ ನಾನು ಕಾನೂನಿನ ಕಡೆಗೇ. ಗುರ್ನ್‌ಸಿ ಊರಿನ ಹತ್ತಿರದ ರಿಜಿಸ್ಟರ್ ಕ್ಲಿಫ್ ಮರಳುಗಲ್ಲಿನದು, ಉಗುರಲ್ಲೂ ಗೀಚಬಹುದಾದಷ್ಟು ಮೆತ್ತಗಿನದು. ಅಲ್ಲಿ ಆಮೇಲಿನವರ ಹೆಸರುಗಳು ಹಳೆಯ ಹೆಸರುಗಳ ಮೇಲೇ ಕೂತಿವೆ. ಬೇಲಿ ಹಾಕಿದ್ದು ತಡವಾಯಿತು. ನಮ್ಮ ಕೋಟೆ, ದೇವಸ್ಥಾನಗಳ ಗೋಡೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಮಳೆ ಗಾಳಿಗೆ ಯಾವ ಬೇಲಿ? ಚಿಮ್ನಿ ರಾಕ್ ಹೂಳುಮಣ್ಣು ಗಟ್ಟಿಯಾಗಿ ಆದ ಮೆದುಗಲ್ಲು, ನಡುವೆ ಜ್ವಾಲಾಮುಖಿ ಬೂದಿಯ ಪದರ, ಮೇಲೆ ಮರಳುಗಲ್ಲು. ಅದರ ಬುಡದಲ್ಲೂ ಜನ ಹೆಸರು ಕೆತ್ತಿದ್ದರು. ಒಂದೂ ಉಳಿದಿಲ್ಲ. ಅಲ್ಲೇ ಪಶ್ಚಿಮಕ್ಕೆ ಒಂದು ದಿನದ ನಡಿಗೆಯಲ್ಲಿರುವ ಸ್ಕಾಟ್ಸ್ ಬ್ಲಫ್ ಬೆಟ್ಟದ ನೆತ್ತಿಯಲ್ಲಿ 1930ರ ದಶಕದಲ್ಲಿ ನೆಟ್ಟ ಸರ್ವೆ ಗುರುತು ಆಗ ಕಲ್ಲಿನ ಮಟ್ಟಕ್ಕೇ ಇತ್ತು. ಈಗ ಅದು ಸುಮಾರು ಒಂದಡಿ ಮೇಲೆ ನಿಂತಿದೆ. ಗುರುತು ಮೇಲೆ ಬಂದಿಲ್ಲ, ಬೆಟ್ಟ ಕೆಳಗೆ ಹೋಗಿದೆ. ಇಂಡಿಪೆಂಡೆನ್ಸ್ ರಾಕ್‌ನ ಗ್ರಾನೈಟ್ ಸವೆಯುವುದು ನಿಧಾನ, ಆದರೆ ಅಲ್ಲಿ ಕಲ್ಲುಹೂವು ಬೆಳೆದು ಅಕ್ಷರಗಳನ್ನು ಮುಚ್ಚುತ್ತಿದೆ. ಕೆರೆದು ತೆಗೆದರೆ ಅಕ್ಷರವೂ ಹೋಗುವ ಭಯ. ಈ ಸವೆತವನ್ನು ನಾನು ದೊಡ್ಡ ದೂರಾಗಿ ಹೇಳುವುದಿಲ್ಲ. ಸವೆದೇ ಆ ಕಂಬ ಕಂಬವಾದದ್ದು. ಸವೆದೇ ಒಂದು ದಿನ ಬೀಳುತ್ತದೆ.

ಹೆಸರಿನ ವಿಷಯದಲ್ಲಿ ಒಂದು ಮಾತು. ಈ ಬಂಡೆಗಳನ್ನು ವಲಸೆಗಾರರು ‘ಕಂಡುಹಿಡಿದರು’ ಅನ್ನುವ ಹಾಗೆ ಬರೆಯುವ ಅಭ್ಯಾಸ ಇನ್ನೂ ಹೋಗಿಲ್ಲ. ಸ್ಕಾಟ್ಸ್ ಬ್ಲಫ್ ಹೆಸರು ಬಂದದ್ದು 1828ರಲ್ಲಿ ಅಲ್ಲಿ ಸತ್ತ ಹೈರಮ್ ಸ್ಕಾಟ್ ಎಂಬ ತುಪ್ಪಳದ ವ್ಯಾಪಾರಿಯಿಂದ. ಅಲ್ಲಿನ ಮೂಲನಿವಾಸಿಗಳಾದ ಲಕೋಟ ಜನರ ಮಾತಿನಲ್ಲಿ ಅದು ಮೆ-ಅ-ಪ-ಟೆ, ಅಂದರೆ ಸುತ್ತಿಹೋಗಲು ಕಷ್ಟವಾದ ಬೆಟ್ಟ. ಯಾವ ಹೆಸರು ದಾರಿಹೋಕನಿಗೆ ಉಪಯೋಗ, ನೀವೇ ಹೇಳಿ. ಚಿಮ್ನಿ ರಾಕ್‌ಗೆ ಅವರು ಇಟ್ಟಿದ್ದು ಗಂಡು ಎಲ್ಕ್ ಜಿಂಕೆಯ ಒಂದು ಅಂಗದ ಹೆಸರು. ಮರ್ಯಾದಸ್ಥ ಪ್ರಯಾಣಿಕರು ಅದನ್ನು ಡೈರಿಯಲ್ಲಿ ಹೇಗೆ ಬರೆಯುತ್ತಾರೆ? ಹೊಗೆಗೂಡು ಅಂದರು, ಆಯಿತು. ಇಡೀ ದಾರಿಯ ಕೀಲಿಯಾದ ಸೌತ್ ಪಾಸ್ ಘಾಟಿಯ ಸುಳಿವನ್ನೂ 1812ರಲ್ಲಿ ತುಪ್ಪಳದ ವ್ಯಾಪಾರಿ ರಾಬರ್ಟ್ ಸ್ಟುವರ್ಟ್‌ಗೆ ಕೊಟ್ಟದ್ದು ಶೋಶೋನಿ ಪಂಗಡದ ಒಬ್ಬ ಮೂಲನಿವಾಸಿ.

ತಾವೇ ಕಡಿದ ಮರ

ಗುರುತನ್ನು ಹಾಳುಮಾಡುವುದು ಈ ಕಾಲದ ಕಾಯಿಲೆ ಅಂತ ಯಾರಾದರೂ ಅಂದರೆ ಈ ಕಥೆ ಹೇಳಿ. ಪೂರ್ವ ಒರೆಗಾನ್‌ನ ಬೇಕರ್ ಕಣಿವೆಯಲ್ಲಿ ಒಂದೇ ಒಂದು ಪೈನ್ ಮರ ಇತ್ತು. ಸುತ್ತ ಎಲ್ಲೂ ಮರ ಇಲ್ಲದ್ದರಿಂದ ಬಹಳ ದೂರಕ್ಕೆ ಕಾಣುತ್ತಿತ್ತು. ತುಪ್ಪಳದ ವ್ಯಾಪಾರಕ್ಕೆ ಓಡಾಡುತ್ತಿದ್ದ ಫ್ರೆಂಚರು ಅದನ್ನು ಒಂಟಿಮರ ಎಂದೇ ಕರೆಯುತ್ತಿದ್ದರು. 1843ರ ಶರತ್ಕಾಲದಲ್ಲಿ ಸೈನ್ಯದ ಸರ್ವೆ ಅಧಿಕಾರಿ ಜಾನ್ ಫ್ರೆಮಾಂಟ್ ಆ ಮರ ಹುಡುಕಿಕೊಂಡು ಬಂದ. ಮರ ನೆಲದ ಮೇಲೆ ಉದ್ದಕ್ಕೆ ಮಲಗಿತ್ತು. ಅದೇ ವರ್ಷ ಅವನಿಗಿಂತ ಸ್ವಲ್ಪ ಮುಂದೆ ಹೋದ ವಲಸೆಗಾರರಲ್ಲಿ ಯಾರೋ ಕೊಡಲಿ ಹಾಕಿದ್ದರು. ಹಿಂದೆ ಬರುವ ಸಾವಿರಾರು ಜನರ ಗುರುತು ಅದು ಅಂತ ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ನೆಬ್ರಾಸ್ಕಾದಲ್ಲೂ ಪ್ಲಾಟ್ ನದಿ ದಂಡೆಯಲ್ಲಿ ಒಂದು ದೊಡ್ಡ ಕಾಟನ್‌ವುಡ್ ಮರ ಇತ್ತು. ಜನ ಅದರ ತೊಗಟೆಯಲ್ಲಿ ಹೆಸರು ಕೊರೆದರು, ಬುಡದಲ್ಲೇ ಬೆಂಕಿ ಹಾಕಿ ಅಡುಗೆ ಮಾಡಿದರು. 1865ರ ಬಿರುಗಾಳಿಗೆ ಉರುಳಿತು. ಅಲ್ಲಿ ಬೆಳೆದ ಊರಿಗೆ ಮೊದಲು ಲೋನ್ ಟ್ರೀ ಎಂದೇ ಹೆಸರು. ಈಗ ಅದು ಸೆಂಟ್ರಲ್ ಸಿಟಿ. ಮರದ ಜಾಗದಲ್ಲಿ 1911ರಲ್ಲಿ ಮರದ ಬೊಡ್ಡೆಯ ಆಕಾರದ ಕಲ್ಲು ನಿಲ್ಲಿಸಿದರು.

ಕಲ್ಲು ನಿಲ್ಲಿಸುವ ಚಾಳಿಗೆ ದೊಡ್ಡ ಹೆಸರು ಎಜ್ರಾ ಮೀಕರ್. 1852ರಲ್ಲಿ ಯುವಕನಾಗಿ ಈ ದಾರಿಯಲ್ಲಿ ಪಶ್ಚಿಮಕ್ಕೆ ಹೋದವನು, 1906ರಲ್ಲಿ ತನ್ನ 75ನೇ ವಯಸ್ಸಿನಲ್ಲಿ ಅದೇ ದಾರಿಯಲ್ಲಿ ಎತ್ತಿನ ಗಾಡಿ ಹೂಡಿಕೊಂಡು ಪೂರ್ವಕ್ಕೆ ಬಂದ. ಜಾಡು ಎಷ್ಟೋ ಕಡೆ ಉಳುಮೆಯಲ್ಲಿ ಅಳಿಸಿಹೋಗಿತ್ತು. ಊರೂರಲ್ಲಿ ನಿಂತು, ಭಾಷಣ ಮಾಡಿ, ದುಡ್ಡು ಎತ್ತಿಸಿ ಗುರುತಿನ ಕಲ್ಲು ಹಾಕಿಸಿದ. 1907ರಲ್ಲಿ ವಾಷಿಂಗ್ಟನ್‌ಗೆ ಹೋಗಿ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಎತ್ತುಗಳನ್ನು ತೋರಿಸಿದ. ಆಮೇಲೆ 1924ರಲ್ಲಿ ಇದೇ ದಾರಿಯ ಮೇಲೆ ವಿಮಾನದಲ್ಲೂ ಹಾರಿದ. ಒಂದೇ ಜನ್ಮದಲ್ಲಿ ಎತ್ತಿನ ಗಾಡಿಯೂ ವಿಮಾನವೂ! ಸೌತ್ ಪಾಸ್‌ನಲ್ಲಿ ಅವನು ನೆಟ್ಟ ಕಲ್ಲು ಇನ್ನೂ ಇದೆ. ಅಲ್ಲಿ ಕಲ್ಲು ಬೇಕಾಗಿಯೂ ಇತ್ತು. 7,412 ಅಡಿ ಎತ್ತರದ ಆ ಘಾಟಿ ಎಷ್ಟು ಅಗಲ, ಎಷ್ಟು ಸಪಾಟು ಅಂದರೆ ದಾಟಿದವರಿಗೆ ದಾಟಿದ್ದೇ ಗೊತ್ತಾಗುತ್ತಿರಲಿಲ್ಲ. ಮುಂದೆ ಪೆಸಿಫಿಕ್ ಸ್ಪ್ರಿಂಗ್ಸ್ ಒರತೆಯ ನೀರು ಪಶ್ಚಿಮಕ್ಕೆ ಹರಿಯುವುದನ್ನು ನೋಡಿ, ಓಹೋ ಖಂಡದ ನೆತ್ತಿ ದಾಟಿದೆವು ಅಂತ ತಿಳಿದುಕೊಂಡವರೇ ಜಾಸ್ತಿ.

ಟವರ್‌ಗಳೂ ಅದೇ ದಾರಿ ಯಾಕೆ ಹಿಡಿಯುತ್ತವೆ?

ಈಗಿನ ಜಗಳದ ಬೇರು ಇಲ್ಲಿದೆ. ಆ ಗಾಡಿಗಳು ಈ ದಾರಿ ಹಿಡಿದದ್ದು ಅದು ಚೆಂದ ಅಂತ ಅಲ್ಲ. ಏರು ಕಮ್ಮಿ, ನೀರು ಸಿಗುತ್ತದೆ, ಬೆಟ್ಟಸಾಲುಗಳ ನಡುವೆ ಸಂದು ಇದೆ. ರೈಲು, ಹೆದ್ದಾರಿ, ಪೈಪ್‌ಲೈನು ಹಾಕುವ ಎಂಜಿನಿಯರಿಗೆ ಬೇಕಾದದ್ದೂ ಹೆಚ್ಚುಕಡಿಮೆ ಇದೇ. ಪ್ಲಾಟ್ ಕಣಿವೆಯಲ್ಲಿ ಯೂನಿಯನ್ ಪೆಸಿಫಿಕ್ ರೈಲು ಓಡುತ್ತದೆ, ಇಂಟರ್‌ಸ್ಟೇಟ್ 80 ಓಡುತ್ತದೆ. ಇಡಾಹೋ, ಒರೆಗಾನ್‌ಗಳಲ್ಲಿ ಇಂಟರ್‌ಸ್ಟೇಟ್ 84 ಹಳೆಯ ಜಾಡಿನ ಪಕ್ಕಕ್ಕೇ ಬರುತ್ತದೆ. ವಯೋಮಿಂಗ್‌ನಿಂದ ಇಡಾಹೋಗೆ ಸುಮಾರು 1,600 ಕಿ.ಮೀ. ಉದ್ದಕ್ಕೆ ಯೋಜಿಸಿದ ಗೇಟ್‌ವೇ ವೆಸ್ಟ್ ವಿದ್ಯುತ್ ಲೈನೂ ಅದೇ ಪಟ್ಟಿಯಲ್ಲಿ ಸಾಗುತ್ತದೆ. ಅದಕ್ಕೆ ಯಾರದ್ದೋ ಪಿತೂರಿ ಹುಡುಕಬೇಕಿಲ್ಲ. ನೆಲ ಹಾಗಿದೆ. ಜೊತೆಗೆ ಅಲ್ಲಿ ಗಾಳಿಯೂ ಜೋರು. ಗಾಡಿಯ ಬಟ್ಟೆ ಹರಿದ ಅದೇ ಗಾಳಿಗೆ ಈಗ ಮಾರುಕಟ್ಟೆ ಬಂದಿದೆ.

ಎತ್ತರದ ಲೆಕ್ಕ ನೋಡಿ. ಚಿಮ್ನಿ ರಾಕ್ ಸುತ್ತಲ ನೆಲದಿಂದ 87 ಮೀಟರ್. ಈಗಿನ ಗಾಳಿಯಂತ್ರದ ರೆಕ್ಕೆಯ ತುದಿ 150 ಮೀಟರ್ ದಾಟುವುದು ಸಾಮಾನ್ಯ. ರಾತ್ರಿ ಮೇಲೆ ಕೆಂಪು ದೀಪ ಬೇರೆ. ಸುತ್ತಲಿನ ಎಲ್ಲಕ್ಕಿಂತ ಎತ್ತರಕ್ಕೆ, ಒಂಟಿಯಾಗಿ ಕಂಡರೆ ಅದು ಗುರುತು. ಅದಕ್ಕಿಂತ ಎತ್ತರದ್ದು ಪಕ್ಕದಲ್ಲಿ ಐವತ್ತು ನಿಂತರೆ ಅದೊಂದು ಗಿಡ್ಡ ಕಲ್ಲು. ಕಲ್ಲಿಗೆ ಒಂದು ಗೀರೂ ಬೀಳದೆ ಅದರ ಕೆಲಸ ಕಿತ್ತುಕೊಂಡ ಹಾಗೆ.

ಕಾನೂನು ಏನು ಹೇಳುತ್ತದೆ? 1978ರಲ್ಲಿ ಸಂಸತ್ತು ಒರೆಗಾನ್ ಟ್ರೇಲ್ ಅನ್ನು ರಾಷ್ಟ್ರೀಯ ಐತಿಹಾಸಿಕ ಹಾದಿ ಎಂದು ಘೋಷಿಸಿತು. ಅದಕ್ಕೂ ಮೊದಲಿನ 1966ರ ಪರಂಪರೆ ರಕ್ಷಣೆ ಕಾನೂನಿನ 106ನೇ ವಿಧಿ ಇದೆ. ಫೆಡರಲ್ ದುಡ್ಡು, ಪರ್ಮಿಟ್ ಅಥವಾ ಜಮೀನು ಸೇರಿದ ಯಾವ ಕೆಲಸಕ್ಕೂ ಮೊದಲು, ಐತಿಹಾಸಿಕ ಜಾಗಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಅಥವಾ ಅದಕ್ಕೆ ಅರ್ಹವಾದ ಹಳೆಯ ಜಾಗಗಳ ಮೇಲೆ ಆಗುವ ಪರಿಣಾಮ ನೋಡಬೇಕು. ಸುತ್ತಲ ನೋಟ ಕೆಡುವುದೂ ಪರಿಣಾಮವೇ ಅಂತ ನಿಯಮ ಒಪ್ಪುತ್ತದೆ. ಆದರೆ ಗಮನಿಸಿ, ನೋಡಬೇಕು ಅಂತ ಹೇಳುತ್ತದೆ, ಬಿಡಬೇಕು ಅಂತ ಹೇಳುವುದಿಲ್ಲ. ನೋಡಿ, ಚರ್ಚಿಸಿ, ಬರೆದಿಟ್ಟು, ಆಮೇಲೆ ಟವರ್ ಹಾಕಬಹುದು. ನೆಬ್ರಾಸ್ಕಾದಲ್ಲಿ ಇಲಾಖೆ ಸೋತದ್ದು ಈ ನೋಡುವ ಕೆಲಸವನ್ನೇ ನೆಟ್ಟಗೆ ಮಾಡದ್ದಕ್ಕೆ. ದಾರಿಯ ದೊಡ್ಡ ಭಾಗ ಖಾಸಗಿ ಜಮೀನು. ಅಲ್ಲಿ ರೈತ ತನ್ನ ಹೊಲದಲ್ಲಿ ಗಾಳಿಯಂತ್ರಕ್ಕೆ ಜಾಗ ಬಾಡಿಗೆ ಕೊಟ್ಟರೆ ಈ ವಿಧಿ ಅನ್ವಯ ಆಗದೆಯೂ ಇರಬಹುದು. ಬೆಳೆ ಕೈಕೊಟ್ಟ ವರ್ಷ ಬಾಡಿಗೆ ದುಡ್ಡೇ ಅವನ ಕೈ ಹಿಡಿಯುವುದು. ಬೇಡ ಅನ್ನಲು ನಾವ್ಯಾರು?

ಪೂರ್ವ ಒರೆಗಾನ್‌ನ ಬೋರ್ಡ್‌ಮನ್‌ನಿಂದ ಇಡಾಹೋದ ಹೆಮಿಂಗ್ವೇ ಎಂಬ ಸಬ್‌ಸ್ಟೇಷನ್‌ವರೆಗಿನ ಲೈನು ಈ ಜಗಳದ ಒಳ್ಳೆಯ ಉದಾಹರಣೆ. 500 ಕಿಲೋವೋಲ್ಟ್, ಸುಮಾರು 470 ಕಿ.ಮೀ. ಅದು ಬೇಕರ್ ಸಿಟಿ ಹತ್ತಿರದ ಫ್ಲ್ಯಾಗ್‌ಸ್ಟಾಫ್ ಹಿಲ್ ಪಕ್ಕದಲ್ಲಿ ಹಾದುಹೋಗುತ್ತದೆ. ಆ ಗುಡ್ಡದ ಮೇಲೆ 1992ರಲ್ಲಿ ಸರ್ಕಾರವೇ ಟ್ರೇಲ್‌ನ ಒಂದು ದೊಡ್ಡ ಮ್ಯೂಸಿಯಂ ಕಟ್ಟಿತು. ಅಲ್ಲೇ ಕಟ್ಟಿದ್ದಕ್ಕೆ ಕಾರಣ, ಕೆಳಗೆ ಗಾಡಿ ಜಾಡು ಕಾಣುತ್ತದೆ, ಎದುರಿಗೆ ಕಣಿವೆಯೂ ಅದರಾಚೆ ಬೆಟ್ಟಸಾಲೂ ಒಂದೇ ನೋಟಕ್ಕೆ ಸಿಗುತ್ತವೆ. ಕಡಿದುಹೋದ ಆ ಒಂಟಿಮರ ಇದ್ದದ್ದೂ ಇದೇ ಕಣಿವೆಯಲ್ಲಿ. ಸ್ಥಳೀಯರು ವರ್ಷಾನುಗಟ್ಟಲೆ ಹೋರಾಡಿದರು. ಕಡೇಪಕ್ಷ ಈ ತುಂಡಿನಲ್ಲಿ ತಂತಿಯನ್ನು ನೆಲದಡಿ ಹಾಕಿ ಅಂದರು. ಅಷ್ಟು ವೋಲ್ಟೇಜಿನ ತಂತಿ ನೆಲದಡಿ ಹಾಕುವ ಖರ್ಚು ಎಷ್ಟೋ ಪಟ್ಟು, ಕೆಟ್ಟರೆ ರಿಪೇರಿಯೂ ಕಷ್ಟ. 2023ರಲ್ಲಿ ಒರೆಗಾನ್ ಸುಪ್ರೀಂ ಕೋರ್ಟ್ ಲೈನಿನ ಅನುಮತಿಯನ್ನು ಎತ್ತಿಹಿಡಿಯಿತು. 2025ರಲ್ಲಿ ಕೆಲಸ ಶುರುವಾಯಿತು.

ಕಂಪನಿಯ ವಾದ ಹುರುಳಿಲ್ಲದ್ದೇನಲ್ಲ. ಬೇಸಿಗೆಯಲ್ಲಿ ಇಡಾಹೋಗೆ ಕರೆಂಟು ಜಾಸ್ತಿ ಬೇಕು, ಚಳಿಗಾಲದಲ್ಲಿ ವಾಯವ್ಯ ಕರಾವಳಿಗೆ ಬೇಕು. ನಡುವೆ ದಪ್ಪ ತಂತಿ ಇದ್ದರೆ ಅಲ್ಲಿನ ಜಲವಿದ್ಯುತ್ತು, ಇಲ್ಲಿನ ಗಾಳಿ ಬಿಸಿಲು ಅದಲುಬದಲಾಗುತ್ತದೆ, ಹೊಸ ಕಲ್ಲಿದ್ದಲು ಘಟಕ ಬೇಕಾಗುವುದಿಲ್ಲ. ಇದನ್ನು ಒಪ್ಪುತ್ತೇನೆ. ನನ್ನ ತಕರಾರು ಒಂದೇ. ಇಂಥ ಕೇಸುಗಳಲ್ಲಿ ಅಳತೆ ಯಾವಾಗಲೂ ಕಲ್ಲಿನದ್ದೇ ಆಗುತ್ತದೆ. ಜಾಡಿನಿಂದ ಟವರಿನ ಬುಡ ಎಷ್ಟು ಮೀಟರ್ ದೂರ, ಗುಂಡಿ ಜಾಡನ್ನು ಮುಟ್ಟುತ್ತದೋ ಇಲ್ಲವೋ ಅಂತ. 50 ಕಿ.ಮೀ. ದೂರದಿಂದ ಕಂಡದ್ದಕ್ಕೇ ಇತಿಹಾಸವಾದ ವಸ್ತುವನ್ನು ಮೀಟರಿನಲ್ಲಿ ಅಳೆದರೆ ಉತ್ತರ ತಪ್ಪೇ ಬರುತ್ತದೆ. ಎಲ್ಲ ಕಡೆ ಬಯಲು ಬಿಟ್ಟುಕೊಡಿ ಅಂತ ಕೇಳಲಾಗುವುದಿಲ್ಲ. 3,490 ಕಿ.ಮೀ.ನಲ್ಲಿ ಎಲ್ಲಿ ಬಿಡಲೇಬಾರದು ಅಂತ ಮೊದಲೇ ಪಟ್ಟಿ ಮಾಡಬಹುದು. ಸೌತ್ ಪಾಸ್ ಸುತ್ತ ಹೀಗೆ ಗೆರೆ ಎಳೆಯುವ ಪ್ರಯತ್ನ ಬಹಳ ವರ್ಷಗಳಿಂದ ಇದೆ. ಆ ಭಾಗದ ಸರ್ಕಾರಿ ಜಮೀನಿನ ಹೊಸ ಯೋಜನೆ 2024ರ ಡಿಸೆಂಬರ್‌ನಲ್ಲಿ ಅಂತಿಮವಾಯಿತು. ವಯೋಮಿಂಗ್ ರಾಜ್ಯ ಸರ್ಕಾರಕ್ಕೆ ಅದು ಕಿಂಚಿತ್ತೂ ಇಷ್ಟವಿರಲಿಲ್ಲ. ಅಲ್ಲಿ ಬಯಲು ಅಂದರೆ ಗ್ಯಾಸು, ದನ ಮೇಯಿಸುವ ಹಕ್ಕು, ಬೇಟೆ, ಕೆಲಸ. ಹಳೆಯ ಡೈರಿಗಳಿಗೆ ಓಟಿಲ್ಲ.

ಒಮ್ಮೆ ಹೋದ ಗುರುತು ವಾಪಸ್ ಬರುವುದಿಲ್ಲ ಅನ್ನುವುದಕ್ಕೆ ಇಡಾಹೋದ ಸೋಡಾ ಸ್ಪ್ರಿಂಗ್ಸ್ ನೋಡಬೇಕು. ಅಲ್ಲಿ ಸ್ಟೀಮ್‌ಬೋಟ್ ಎಂಬ ಬುಗ್ಗೆ ಹಡಗಿನ ಎಂಜಿನ್ನಿನ ಹಾಗೆ ಬುಸುಗುಡುತ್ತಾ ನೀರು ಚಿಮ್ಮುತ್ತಿತ್ತು. ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತಿದ್ದ ಗುರುತು. ಕಳೆದ ಶತಮಾನದಲ್ಲಿ ಅಣೆಕಟ್ಟು ಕಟ್ಟಿದರು, ಬುಗ್ಗೆ ಮುಳುಗಿತು. ನೀರು ನಿಶ್ಚಲವಾಗಿರುವ ದಿನ ಜಲಾಶಯದ ಮೇಲೆ ಗುಳ್ಳೆಗಳು ಈಗಲೂ ಕಾಣುತ್ತವೆ.

ಅಮೆರಿಕದಲ್ಲಿರುವವರು, ನೋಡಲು ಹೋಗುವವರು ಇದ್ದರೆ ಒಂದು ಸಲಹೆ. ಚಿಮ್ನಿ ರಾಕ್‌ಗೆ ಹೋಗುವಾಗ ನೇರ ಮ್ಯೂಸಿಯಂ ಪಾರ್ಕಿಂಗಿಗೆ ನುಗ್ಗಬೇಡಿ. ಬೆಳಗ್ಗೆ, ಬಿಸಿಲು ಬೆನ್ನಿಗೆ ಬೀಳುವ ಹೊತ್ತಿಗೆ, ಪೂರ್ವದ ಬ್ರಿಜ್‌ಪೋರ್ಟ್ ಕಡೆಯಿಂದ ಬನ್ನಿ. ಜಿಪಿಎಸ್ ಬಾಯಿ ಮುಚ್ಚಿಸಿ. ಊರು ದಾಟಿದ ಮೇಲೆ ಬಾನಂಚನ್ನು ನೋಡುತ್ತಿರಿ. ಸೂಜಿ ಕಂಡ ಕೂಡಲೇ ಕಾರು ಪಕ್ಕಕ್ಕೆ ಹಾಕಿ, ಎಷ್ಟು ದೂರ ಇರಬಹುದು ಅಂತ ಮಕ್ಕಳ ಹತ್ತಿರ ಊಹೆ ಮಾಡಿಸಿ, ಆಮೇಲೆ ಕಾರಿನ ಮೀಟರ್ ನೋಡುತ್ತಾ ಹೋಗಿ.